ಕಟ್ಟೆಯ ನೀರು, ಗ್ರಾಫಿನ ಗೆರೆ

ಮಳೆಗಾಲ ಶುರುವಾಯಿತೆಂದರೆ ನಮ್ಮ ಮಂಡ್ಯ ಸೀಮೆಯಲ್ಲಿ ಇಬ್ಬರು ಎದುರಾದಾಗ ಮೊದಲು ಬರುವ ಮಾತು ಒಂದೇ: "ಕಟ್ಟೆ ಎಷ್ಟಾಯ್ತು?" ಯಾವ ಕಟ್ಟೆ ಎಂದು ಯಾರೂ ಕೇಳುವುದಿಲ್ಲ. ಕನ್ನಂಬಾಡಿ ಕಟ್ಟೆ ಬಿಟ್ಟರೆ ನಮಗೆ ಬೇರೆ ಕಟ್ಟೆ ಇಲ್ಲ. ಮದ್ದೂರು, ಮಳವಳ್ಳಿ ತಾಲ್ಲೂಕಿನ ಎಷ್ಟೋ ಊರುಗಳ ಹಾಗೆ ನಮ್ಮೂರೂ ನಾಲೆಯ ಕೊನೆ ಭಾಗದ್ದು. ಮೇಲಿನವರು ಕುಡಿದು, ಗದ್ದೆಗೆ ಹಾಯಿಸಿ, ಉಳಿದದ್ದು ನಮಗೆ. ಹಾಗಾಗಿ ಆ ಪ್ರಶ್ನೆಗೆ ಬರುವ ಉತ್ತರದ ಮೇಲೆ ನಮ್ಮ ಮನೆಗಳ ಭತ್ತ, ಕಬ್ಬು, ಮಕ್ಕಳ ಮದುವೆ, ಬ್ಯಾಂಕಿನ ಸಾಲ ಎಲ್ಲವೂ ನಿಂತಿವೆ.

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಮಿತಿಯವರು ಕೇಳಿದಾಗ, ಈ ಶಾಲೆಯಲ್ಲಿ ಕಲಿತು ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಅನ್ನ ತಿಂದ ನನಗೆ ನೆನಪಾದದ್ದು ಒಂದು ಗೆರೆ. ಕಟ್ಟೆಯ ನೀರಿನ ಮಟ್ಟವನ್ನು ತೋರಿಸುವ ಗ್ರಾಫಿನ ಗೆರೆ. ಅದನ್ನು ಮೊದಲು ಕೈಯಿಂದ ಬರೆದೆವು, ಆಮೇಲೆ ಯಂತ್ರ ಬರೆಯಿತು. ಈಗ ಎಲ್ಲೋ ಇರುವ ಸರ್ವರ್ ನಾವು ಕೇಳಿದ ಕ್ಷಣದಲ್ಲಿ ಬರೆದು ಮೊಬೈಲಿಗೆ ಕಳಿಸುತ್ತದೆ. ಆ ಗೆರೆಯ ಚರಿತ್ರೆಯನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಗೋಡೆಯ ಮೇಲಿನ ಗ್ರಾಫ್

1991ರಲ್ಲಿ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಆ ವರ್ಷ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟು, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದಿತು. ಊರಿನ ಅರಳಿಕಟ್ಟೆಯಲ್ಲಿ, ಹೋಟೆಲಿನಲ್ಲಿ, ಸಾಲದ ಸೊಸೈಟಿಯ ಮುಂದೆ ಬೇರೆ ಮಾತೇ ಇರಲಿಲ್ಲ. ಟಿಎಂಸಿ ಎಂದರೇನು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಆ ಪದವನ್ನು ಮಾತ್ರ ಆಡುತ್ತಿದ್ದರು.

ನಮ್ಮ ಗಣಿತದ ಮೇಷ್ಟ್ರು ಒಂದು ದಿನ ಪೇಪರ್ ಹಿಡಿದುಕೊಂಡು ತರಗತಿಗೆ ಬಂದರು. ಟಿಎಂಸಿ ಎಂದರೆ ಸಾವಿರ ದಶಲಕ್ಷ ಘನ ಅಡಿ, ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ ಎಂದು ಬೋರ್ಡಿನ ಮೇಲೆ ಬರೆದರು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ಟಿಎಂಸಿ ಹರಿಯಬೇಕಾದರೆ ಇಡೀ ದಿನ ಎಷ್ಟು ಕ್ಯುಸೆಕ್ ಬಿಡಬೇಕು? ಭಾಗಾಕಾರ ಮಾಡಿ ಸುಮಾರು 11,574 ಎಂದು ಉತ್ತರ ತೆಗೆದೆವು. ಪೇಪರಿನ ಮಾತು ಅಂದು ಮೊದಲ ಬಾರಿ ನಮ್ಮ ಲೆಕ್ಕದ ಪುಸ್ತಕಕ್ಕೆ ಇಳಿಯಿತು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಪೇಪರಿನಲ್ಲಿ ಬರುವ ಕಟ್ಟೆಯ ಮಟ್ಟವನ್ನು ಬರೆದು ತರಬೇಕು, ಇನ್ನೊಬ್ಬ ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಹಿಂದಿನ ಚುಕ್ಕಿಗೆ ಸೇರಿಸಬೇಕು. ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ಅಡಿ. ಕೆಳಗೆ ಮೂಲೆಯಲ್ಲಿ ಮೇಷ್ಟ್ರು ತಮ್ಮ ಕೈಯಿಂದಲೇ 'ಪ್ರಮಾಣ' ಎಂದು ಬರೆದು, ಒಂದು ಸೆಂಟಿಮೀಟರಿಗೆ ಎಷ್ಟು ದಿನ, ಎಷ್ಟು ಅಡಿ ಎಂದು ನಮೂದಿಸಿದ್ದರು. "ಪ್ರಮಾಣ ಬರೀದೇ ಇದ್ರೆ ಅದು ಗ್ರಾಫಲ್ಲ, ಬರೀ ಗೀಚು" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಗೆರೆ ಎಷ್ಟೇ ಸರಿಯಾಗಿದ್ದರೂ ಪ್ರಮಾಣ ಬಿಟ್ಟವರ ಅಂಕ ಕತ್ತರಿಸುತ್ತಿದ್ದರು. ಆಗ ಅದು ನಮಗೆ ಅನ್ಯಾಯ ಎನಿಸುತ್ತಿತ್ತು.

ಗೆರೆ ಹುಟ್ಟಿದ ಬಗೆ

ಸಂಖ್ಯೆಗಳನ್ನು ಗೆರೆಯಾಗಿ ತೋರಿಸಬಹುದೆಂಬ ಯೋಚನೆ ಬಹಳ ಹಳೆಯದೇನಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳ ಲೆಕ್ಕವನ್ನು ಏರಿಳಿಯುವ ಗೆರೆಗಳಾಗಿ ಬರೆದು ತೋರಿಸಿದ. ಸ್ತಂಭಗಳ ಗ್ರಾಫನ್ನೂ ಅದೇ ಪುಸ್ತಕದಲ್ಲಿ ಬಳಸಿದ. 1801ರಲ್ಲಿ ವೃತ್ತವನ್ನು ಹೋಳು ಮಾಡಿ ತೋರಿಸುವ ನಕ್ಷೆಯನ್ನೂ ತಂದ. ಪ್ಲೇಫೇರನ ಮೊದಲ ಪುಸ್ತಕ ಬಂದಾಗ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಆಳುತ್ತಿದ್ದ. ಅಂದರೆ ಶಾಲೆಯ ಮಕ್ಕಳು ಇಂದು ಬರೆಯುವ ಗ್ರಾಫಿಗೆ ಆಗಿರುವ ವಯಸ್ಸು ಎರಡೂವರೆ ಶತಮಾನಕ್ಕಿಂತ ಕಡಿಮೆ.

1858ರಲ್ಲಿ ದಾದಿಯರ ಗುರು ಫ್ಲಾರೆನ್ಸ್ ನೈಟಿಂಗೇಲ್, ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಹೆಚ್ಚು ಸೈನಿಕರು ಸತ್ತದ್ದು ಕೊಳಕಿನಿಂದ ಹರಡಿದ ರೋಗಗಳಿಂದ ಎಂಬುದನ್ನು ಒಂದು ವೃತ್ತಾಕಾರದ ಚಿತ್ರದಲ್ಲಿ ತೋರಿಸಿದರು. ಪುಟಗಟ್ಟಲೆ ಅಂಕಿ ಓದಲು ಪುರುಸೊತ್ತಿಲ್ಲದ ಮಂತ್ರಿಗಳಿಗೂ ಆ ಚಿತ್ರ ಅರ್ಥವಾಯಿತು. ಇದೇ ನೈಟಿಂಗೇಲ್ ಮುಂದೆ ಭಾರತದ ನೀರಾವರಿಯ ಪರವಾಗಿಯೂ ಬರೆದರು.

ಯಂತ್ರವೇ ಗೆರೆ ಬರೆಯುವ ಕಾಲ ಆಮೇಲೆ ಬಂತು. ಹವಾಮಾನ ಕೇಂದ್ರಗಳಲ್ಲಿ ಸುತ್ತುವ ಉರುಳೆಗೆ ಕಾಗದ ಸುತ್ತಿ, ಅದಕ್ಕೆ ಶಾಯಿಯ ಲೇಖನಿ ತಾಗಿಸಿ ಇಟ್ಟರೆ, ಮಳೆ ಬಿದ್ದಂತೆ ಲೇಖನಿ ಮೇಲೇರುತ್ತ ತಾನೇ ಗೆರೆ ಎಳೆಯುತ್ತದೆ. ಆದರೆ ಆ ಕಾಗದವನ್ನು ನೋಡಬೇಕೆಂದರೆ ಯಂತ್ರವಿದ್ದಲ್ಲಿಗೆ ಹೋಗಬೇಕಿತ್ತು.

ಕನ್ನಂಬಾಡಿಯ ಅಳತೆ

ನಮ್ಮ ಕಟ್ಟೆಯ ವಿಷಯಕ್ಕೆ ಬರೋಣ. ಕಾವೇರಿಗೆ ಹೇಮಾವತಿ, ಲಕ್ಷ್ಮಣತೀರ್ಥ ಸೇರುವ ಕಡೆ, ಕನ್ನಂಬಾಡಿಯ ಬಳಿ 1911ರಲ್ಲಿ ಕೆಲಸ ಶುರುವಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದ ಆರಂಭದ ಹೊತ್ತಿಗೆ ಅಣೆಕಟ್ಟೆ ಪೂರ್ತಿಯಾಯಿತು. ಅದರ ನಾಲೆ ಹುಲಿಕೆರೆಯ ಸುರಂಗದೊಳಗೆ ಹಾದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಬಂತು. ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದರು, ಈಗ ವಿಶ್ವೇಶ್ವರಯ್ಯ ನಾಲೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಮ್ಮ ಜಿಲ್ಲೆ ಆ ಕಟ್ಟೆಯ ನೀರಿನಿಂದ ಹುಟ್ಟಿತು ಎಂದರೆ ತಪ್ಪಾಗದು.

ಕಟ್ಟೆ ತುಂಬಿದಾಗ ಮಟ್ಟ 124.80 ಅಡಿ, ನೀರು 49.45 ಟಿಎಂಸಿ. ಈ ಎರಡು ಅಂಕಿಗಳು ನಮ್ಮ ಜಿಲ್ಲೆಯ ಹೆಚ್ಚಿನವರಿಗೆ ಬಾಯಿಪಾಠ. ಆದರೆ ಇವೆರಡರ ನಡುವಿನ ಸಂಬಂಧವನ್ನು ನಮ್ಮಲ್ಲಿ ಅನೇಕರು ತಪ್ಪಾಗಿ ತಿಳಿದಿದ್ದೇವೆ. ಮಟ್ಟ 100 ಅಡಿ ಇದೆ ಎಂದರೆ ಐದರಲ್ಲಿ ನಾಲ್ಕು ಪಾಲು ತುಂಬಿದೆ ಎಂದು ಅನಿಸುತ್ತದೆ. ನಿಜಕ್ಕೂ ಆಗ ಕಟ್ಟೆಯಲ್ಲಿರುವುದು ಸುಮಾರು 23 ಟಿಎಂಸಿ, ಅರ್ಧಕ್ಕಿಂತ ಕಡಿಮೆ. ಕಾರಣ ಸರಳ. ಕಟ್ಟೆಯ ಒಡಲು ಬಾಣಲೆಯ ಹಾಗೆ ಕೆಳಗೆ ಕಿರಿದು, ಮೇಲೆ ಅಗಲ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಕೆಳಗಿನ ಒಂದು ಅಡಿಯಲ್ಲಿ ಹಿಡಿಯುವುದಿಲ್ಲ. ತಳದ ಒಂದಷ್ಟು ನೀರಂತೂ ನಾಲೆಯ ತೂಬಿಗೆ ಏರುವುದೇ ಇಲ್ಲ. ಹಾಗಾಗಿ ಅಡಿಯ ಗ್ರಾಫ್ ಬೇರೆ, ಟಿಎಂಸಿಯ ಗ್ರಾಫ್ ಬೇರೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದರೆ ಮೋಸಹೋಗುತ್ತೇವೆ.

ಈ ಮಟ್ಟವನ್ನು ದಿನಾ ಬೆಳಿಗ್ಗೆ ಅಳತೆಯ ಪಟ್ಟಿ ನೋಡಿ ಓದುವುದು, ರಿಜಿಸ್ಟರಿನಲ್ಲಿ ಬರೆಯುವುದು, ಮೇಲಿನ ಕಚೇರಿಗೆ ತಿಳಿಸುವುದು ಬಹುಕಾಲದಿಂದ ನಡೆದು ಬಂದ ಕೆಲಸ. ಅಲ್ಲಿಂದ ಪೇಪರಿಗೆ, ಪೇಪರಿನಿಂದ ನಮ್ಮ ಶಾಲೆಯ ಗೋಡೆಗೆ. ನಮ್ಮ ಗೆರೆಯ ಒಂದೊಂದು ಚುಕ್ಕಿಯ ಹಿಂದೆಯೂ ಕಟ್ಟೆಯ ಬಳಿ ನಿಂತು ಓದಿದ ಒಬ್ಬರ ಕಣ್ಣು ಇತ್ತು.

ಕೇಳಿದಾಗ ಬರೆಯುವ ಯಂತ್ರ

1990ರ ದಶಕದಲ್ಲಿ ಲೋಕದ ಇನ್ನೊಂದು ಕಡೆ ವೆಬ್ ಎಂಬ ಹೊಸ ವ್ಯವಸ್ಥೆ ಬೆಳೆಯುತ್ತಿತ್ತು. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ 1989ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಶೋಧನಾ ಕೇಂದ್ರವೊಂದರಲ್ಲಿ ಅದರ ಪ್ರಸ್ತಾವ ಬರೆದ. ಶುರುವಿನಲ್ಲಿ ವೆಬ್ ಪುಟಗಳೆಂದರೆ ಒಮ್ಮೆ ಬರೆದಿಟ್ಟು ಹಾಗೆಯೇ ಕೊಡುವ ಕಾಗದಗಳಂತೆ ಇದ್ದವು. ಚಿತ್ರಗಳೂ ಅಷ್ಟೆ. ಯಾರೋ ಬರೆದು ಉಳಿಸಿದ ಚಿತ್ರವನ್ನು ಸರ್ವರ್ ಕೇಳಿದವರಿಗೆಲ್ಲ ಹಂಚುತ್ತಿತ್ತು. 1993ರಲ್ಲಿ ಅಮೆರಿಕದ ಒಂದು ಕೇಂದ್ರದವರು ಸಿ.ಜಿ.ಐ. ಎಂಬ ಏರ್ಪಾಡು ಮಾಡಿದರು. ಅದರಿಂದ ಯಾರಾದರೂ ಪುಟ ಕೇಳಿದಾಗ ಸರ್ವರ್ ಒಂದು ಪ್ರೋಗ್ರಾಂ ಓಡಿಸಿ, ಅದು ಆಗಲೇ ತಯಾರಿಸಿದ ಉತ್ತರವನ್ನು ಕೊಡುವುದು ಸಾಧ್ಯವಾಯಿತು.

ಇದನ್ನು ನಮ್ಮ ಮದ್ದೂರು ವಡೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಪ್ಯಾಕೆಟ್ ಮಾಡಿಟ್ಟ ವಡೆ ಒಂದು ಬಗೆ. ಗಿರಾಕಿ ಕೇಳಿದ ಮೇಲೆ ಹಿಟ್ಟು ತಟ್ಟಿ ಎಣ್ಣೆಗೆ ಬಿಟ್ಟು ಬಿಸಿಯಾಗಿ ಕೊಡುವ ವಡೆ ಇನ್ನೊಂದು ಬಗೆ. ಎರಡನೆಯದರಲ್ಲಿ ತಡವಾದೀತು, ಆದರೆ ಅದು ಈ ಹೊತ್ತಿನದು. ಕಟ್ಟೆಯ ಮಟ್ಟ ದಿನಾ ಬದಲಾಗುವಾಗ ನಿನ್ನೆ ಬರೆದಿಟ್ಟ ಚಿತ್ರ ಇಂದು ಹಳಸಲು. ಕೇಳಿದಾಗ ಹೊಸದಾಗಿ ಬರೆಯಬೇಕು.

ಬರೆಯಲು ಕೈ ಬೇಕಲ್ಲ? ಆ ಕೈಯನ್ನು ಕೊಟ್ಟವರಲ್ಲಿ ಥಾಮಸ್ ಬೌಟೆಲ್ ಮುಖ್ಯ. 1994ರ ಸುಮಾರಿಗೆ ಆತ ಜಿ.ಡಿ. ಎಂಬ ಸಾಧನವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಗೆರೆ ಎಳೆ, ಚೌಕ ಬಿಡಿಸು, ಬಣ್ಣ ತುಂಬು, ಅಕ್ಷರ ಬರೆ ಎಂದು ಹೇಳಿದರೆ ಅದು ಕಂಪ್ಯೂಟರಿನ ನೆನಪಿನಲ್ಲೇ ಚಿತ್ರ ಮಾಡಿ ಕೊಡುತ್ತಿತ್ತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿ.ಎಚ್.ಪಿ. ಎಂಬ ಭಾಷೆ ಮುಂದೆ ಇದರ ಜೊತೆ ಸೇರಿತು. ನಮ್ಮಂಥ ಸಾವಿರಾರು ಜನರಿಗೆ ಸರ್ವರ್‌ನಲ್ಲಿ ಗ್ರಾಫ್ ಬರೆಸುವುದು ಕೈಗೆಟುಕಿದ್ದು ಹೀಗೆ.

ಅದೇ 1995ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ನಡೆದ ಸಂಗತಿ ನಮ್ಮವರಿಗೆ ಹತ್ತಿರದ್ದು. ಅಲ್ಲಿಗೆ ಹೊರಲೋಕದಿಂದ ಬರುತ್ತಿದ್ದದ್ದು ಒಂದೇ ಒಂದು ಸಣ್ಣ ಇಂಟರ್‌ನೆಟ್ ತಂತಿ. ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು. ತಂತಿಯಲ್ಲಿ ಈಗ ಎಷ್ಟು ಹರಿಯುತ್ತಿದೆ ಎಂದು ತಿಳಿಯಲು ಎಲ್ಲರಿಗೂ ಆಸೆ. ಟೋಬಿ ಓಟಿಕರ್ ಎಂಬಾತ ಒಂದು ಪ್ರೋಗ್ರಾಂ ಬರೆದ. ಐದು ನಿಮಿಷಕ್ಕೊಮ್ಮೆ ಅದು ಹರಿವನ್ನು ಅಳೆದು ವೆಬ್ ಪುಟದ ಗ್ರಾಫನ್ನು ಹೊಸದಾಗಿಸುತ್ತಿತ್ತು. ಎಂ.ಆರ್.ಟಿ.ಜಿ. ಎಂಬ ಆ ಪ್ರೋಗ್ರಾಂ ಆಮೇಲೆ ಜಗತ್ತಿನಾದ್ಯಂತ ಹರಡಿತು. ಒಂದೇ ನಾಲೆ, ಹತ್ತಾರು ಊರು, ತೂಬಿನ ಬಳಿ ನೀರುಗಂಟಿಗಾಗಿ ಕಾಯುವ ಜನ. ಅವನ ಕಷ್ಟ ನಮಗೆ ಅರ್ಥವಾಗದೆ ಇದ್ದೀತೆ?

ಇನ್ನು ಚಿತ್ರದ ಕಟ್ಟುವಿಕೆಯ ಜಗಳ. ಆಗ ಬಳಕೆಯಲ್ಲಿದ್ದ ಗಿಫ್ ಎಂಬ ಚಿತ್ರರೂಪದೊಳಗಿನ ಒಂದು ವಿಧಾನದ ಮೇಲೆ ಯೂನಿಸಿಸ್ ಕಂಪನಿಗೆ ಪೇಟೆಂಟ್ ಇತ್ತು. ಗಿಫ್ ತಯಾರಿಸುವ ಪ್ರೋಗ್ರಾಂಗಳಿಗೆ ಹಣ ಕೊಡಬೇಕೆಂದು 1994ರ ಕೊನೆಯಲ್ಲಿ ಸುದ್ದಿಯಾದಾಗ, ಬೌಟೆಲ್ ಮತ್ತಿತರರು ಸೇರಿ ಯಾರಿಗೂ ಹಣ ಕೊಡಬೇಕಿಲ್ಲದ ಪಿ.ಎನ್.ಜಿ. ಎಂಬ ಹೊಸ ರೂಪವನ್ನು ಕಟ್ಟಿದರು. 1996ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಇಂದು ಸರ್ವರ್‌ಗಳು ಕಳಿಸುವ ಗ್ರಾಫ್ ಚಿತ್ರಗಳಲ್ಲಿ ಬಹುಪಾಲು ಇದೇ ರೂಪದವು.

ಸರ್ವರ್ ಒಳಗೆ ಏನು ನಡೆಯುತ್ತದೆ

ಮಕ್ಕಳು ಇದನ್ನು ಓದುತ್ತಾರೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಮೊಬೈಲಿನಲ್ಲಿ ಒಂದು ಪುಟ ತೆರೆದಿರಿ ಎನ್ನಿ. ಕಟ್ಟೆಯ ಈ ತಿಂಗಳ ಗ್ರಾಫ್ ಬೇಕೆಂಬ ಕೋರಿಕೆ ಸರ್ವರ್‌ಗೆ ಹೋಗುತ್ತದೆ. ಪ್ರೋಗ್ರಾಂ ತನ್ನ ದಾಖಲೆಯಿಂದ ಮೂವತ್ತು ದಿನದ ಅಂಕಿಗಳನ್ನು ತೆಗೆಯುತ್ತದೆ. ನೆನಪಿನಲ್ಲಿ ಖಾಲಿ ಹಾಳೆಯೊಂದನ್ನು ಹಾಸುತ್ತದೆ, ಎತ್ತರ 400 ಚುಕ್ಕಿ ಎಂದಿರಲಿ. ಸೊನ್ನೆಯಿಂದ 125 ಅಡಿಯನ್ನು ಆ 400 ಚುಕ್ಕಿಯಲ್ಲಿ ಕೂರಿಸಬೇಕು. ಒಂದು ಅಡಿಗೆ 3.2 ಚುಕ್ಕಿ. 100 ಅಡಿ ಎಂದರೆ ಕೆಳಗಿನಿಂದ 320ನೇ ಚುಕ್ಕಿ. ಆದರೆ ಕಂಪ್ಯೂಟರ್ ನಮ್ಮ ಹಾಗೆ ಕೆಳಗಿನಿಂದ ಎಣಿಸುವುದಿಲ್ಲ, ಹಾಳೆಯ ಮೇಲಿನ ಎಡ ಮೂಲೆಯಿಂದ ಎಣಿಸುತ್ತದೆ. ಹಾಗಾಗಿ 400ರಲ್ಲಿ 320 ಕಳೆದು, ಮೇಲಿನಿಂದ 80ನೇ ಚುಕ್ಕಿಯಲ್ಲಿ ಗುರುತು ಹಾಕಬೇಕು. ಈ ಕಳೆಯುವ ಲೆಕ್ಕ ಮರೆತರೆ ಗ್ರಾಫ್ ತಲೆಕೆಳಗಾಗಿ ಬರುತ್ತದೆ. ಹೊಸದಾಗಿ ಕಲಿಯುವ ಎಲ್ಲರೂ ಒಮ್ಮೆ ಹೀಗೆ ಬತ್ತಿದ ಕಟ್ಟೆಯನ್ನು ತುಂಬಿಸಿಬಿಟ್ಟಿರುತ್ತಾರೆ.

ಗುರುತುಗಳನ್ನು ಗೆರೆಯಿಂದ ಸೇರಿಸಿ, ಅಕ್ಷದ ಮೇಲೆ ಅಂಕಿ ಬರೆದು, ಅದನ್ನು ಪಿ.ಎನ್.ಜಿ. ರೂಪಕ್ಕೆ ಮಡಚಿ, "ಇದು ಚಿತ್ರ" ಎಂಬ ಚೀಟಿಯನ್ನು ಮುಂದೆ ಅಂಟಿಸಿ ಸರ್ವರ್ ಕಳಿಸುತ್ತದೆ. ಕಳಿಸಿದ ಮೇಲೆ ಆ ಹಾಳೆಯನ್ನು ಅಳಿಸಿಬಿಡುತ್ತದೆ. ಇಷ್ಟೆಲ್ಲ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಒಂದೇ ಸಲ ಹತ್ತು ಸಾವಿರ ಜನ ಕೇಳಿದರೆ? ರೈಲು ಬಂದು ನಿಂತಾಗ ಒಬ್ಬೊಬ್ಬರಿಗೂ ಬೇರೆಬೇರೆ ವಡೆ ಕರಿಯುತ್ತ ಕೂರಲಾಗದು. ರೈಲು ಬರುವ ಮೊದಲು ಒಂದು ಬುಟ್ಟಿ ಕರಿದಿಟ್ಟಿರಬೇಕು. ಸರ್ವರ್ ಕೂಡ ಹಾಗೆ ಈಗತಾನೆ ಬರೆದ ಚಿತ್ರವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುತ್ತದೆ. ಎಷ್ಟು ಹೊತ್ತು ಇಡಬೇಕು ಎಂಬುದು ಬರೆದವನ ವಿವೇಕ. ನಿನ್ನೆಯ ಬುಟ್ಟಿ ಇವತ್ತು ಮಾರಬಾರದು.

ನನ್ನ ಗ್ರಾಫ್, ಚಿಕ್ಕಪ್ಪನ ಒಟ್ಲು

ಈಗ ಹೇಳಲು ಸಂಕೋಚವಾಗುವ ನನ್ನದೇ ಕಥೆ. 2001ರಿಂದ ಎರಡು ಮೂರು ವರ್ಷ ಕರ್ನಾಟಕಕ್ಕೆ ಸತತ ಬರ. ನಾನಾಗ ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಪಿ.ಎಚ್.ಪಿ., ಜಿ.ಡಿ. ಕಲಿತ ಹುಮ್ಮಸ್ಸಿನಲ್ಲಿ ಊರಿನವರಿಗಾಗಿ ಒಂದು ಪುಟ ಮಾಡಿದೆ. ದಿನಾ ಪೇಪರ್ ನೋಡಿ ಕಟ್ಟೆಯ ಮಟ್ಟ ತುಂಬಿಸುತ್ತಿದ್ದೆ. ಯಾರು ಪುಟ ತೆರೆದರೂ ಕಳೆದ ಹದಿನೈದು ದಿನದ ಗ್ರಾಫ್ ಆಗಲೇ ತಯಾರಾಗಿ ಬರುತ್ತಿತ್ತು. ಶಾಲೆಯ ಗೋಡೆಯ ಗ್ರಾಫನ್ನು ಇಡೀ ಲೋಕಕ್ಕೆ ತೋರಿಸಿದಷ್ಟು ಹೆಮ್ಮೆ ನನಗೆ.

ಎರಡು ತಪ್ಪು ಮಾಡಿದ್ದೆ. ಮೊದಲನೆಯದು ಅಕ್ಷರದ್ದು. ಆಗಿನ ಜಿ.ಡಿ.ಗೆ ಕನ್ನಡದ ಒತ್ತಕ್ಷರ, ಕಾಗುಣಿತ ಜೋಡಿಸಲು ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಕೂತರೆ ಸಾಕು. ಕನ್ನಡದಲ್ಲಿ ಒತ್ತು ಕೆಳಗಿಳಿಯಬೇಕು, ಗುಡಿಸು, ಕೊಂಬು, ಏತ್ವ ತಮ್ಮ ಜಾಗಕ್ಕೆ ಹೋಗಬೇಕು. 'ಕೃಷ್ಣ' ಎಂದು ಬರೆಸಿದರೆ ಷಕಾರ ಒಂದು ಕಡೆ, ಣಕಾರ ಒಂದು ಕಡೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತಿತ್ತು. ಬೇಸತ್ತು ಎಲ್ಲವನ್ನೂ ಇಂಗ್ಲಿಷಿನಲ್ಲೇ, ಸಣ್ಣ ಅಕ್ಷರದಲ್ಲಿ ಹಾಕಿಬಿಟ್ಟೆ.

ಎರಡನೆಯದು ಪ್ರಮಾಣದ್ದು. ಗ್ರಾಫಿನ ಅಕ್ಷ ಎಲ್ಲಿಂದ ಶುರುವಾಗಬೇಕು ಎಂದು ನಾನು ಯೋಚಿಸಲಿಲ್ಲ. ಹದಿನೈದು ದಿನದ ಅತಿ ಕಡಿಮೆ ಮಟ್ಟವನ್ನು ತಳಕ್ಕೆ, ಅತಿ ಹೆಚ್ಚಿನದನ್ನು ತುದಿಗೆ ಇಟ್ಟುಕೊಂಡು ಚಿತ್ರ ಹಾಳೆಯ ತುಂಬ ಬರುವಂತೆ ಮಾಡಿದ್ದೆ. ನೋಡಲು ಅಂದವಾಗಿತ್ತು. ಒಂದು ಸಲ ಕೊಡಗಿನಲ್ಲಿ ನಾಲ್ಕು ದಿನ ಮಳೆಯಾಗಿ ಕಟ್ಟೆ ಐದು ಅಡಿಯಷ್ಟು ಏರಿತು. ಸೊನ್ನೆಯಿಂದ ಬರೆದಿದ್ದರೆ ಐದು ಅಡಿಗೆ 16 ಚುಕ್ಕಿ. ನನ್ನ ಗ್ರಾಫಿನಲ್ಲಿ ಅದೇ ಐದು ಅಡಿ 400 ಚುಕ್ಕಿ, ಇಪ್ಪತ್ತೈದು ಪಟ್ಟು. ಗೆರೆ ಕೆಳಗಿನ ಮೂಲೆಯಿಂದ ಎದ್ದು ಮೇಲಿನ ಮೂಲೆಗೆ ಮುಟ್ಟಿತ್ತು. ಕಟ್ಟೆ ಇನ್ನೇನು ತುಂಬಿತು ಎನ್ನುವ ಹಾಗೆ. ನಿಜದಲ್ಲಿ ಅದು ತಳದ ಕಡೆಯ ಐದು ಅಡಿ. ಅದರಲ್ಲಿದ್ದ ನೀರೂ ಅಷ್ಟಕ್ಕಷ್ಟೆ.

ಮದ್ದೂರಿನ ಸೈಬರ್ ಸೆಂಟರಿನಲ್ಲಿ ಆ ಚಿತ್ರವನ್ನು ಪ್ರಿಂಟ್ ತೆಗೆಸಿ ಯಾರೋ ಊರಿಗೆ ಒಯ್ದಿದ್ದರು. ಹೋಟೆಲಿನ ಗೋಡೆಯಲ್ಲಿ ಅದು ಕೂತಿತು. ನನ್ನ ಚಿಕ್ಕಪ್ಪ ನೋಡಿದ. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ, ಆದರೆ ಗೆರೆ ಕಾಣುತ್ತಿತ್ತು. ಬಿತ್ತನೆ ಭತ್ತ ತಂದು ಒಟ್ಲು ಹಾಕಿದ. ನಾಲೆಯಲ್ಲಿ ನೀರು ಬಂದದ್ದು ನಿಂತ ಬೆಳೆಗೆಂದು ಕಟ್ಟು ಪದ್ಧತಿಯಲ್ಲಿ ಕೆಲವು ದಿನ ಮಾತ್ರ. ಅದೂ ಕೊನೆ ಭಾಗಕ್ಕೆ ಮುಟ್ಟಲಿಲ್ಲ. ಪೈರು ಒಟ್ಲಿನಲ್ಲೇ ಹಳದಿಯಾಗಿ ಒಣಗಿತು.

ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ಬೈಯಲಿಲ್ಲ. "ಗೆರೆ ಮೇಲಕ್ ಹೋಗಿತ್ತಲ್ಲ ಮಗ, ನೀನೇ ಬರ್ದಿದ್ದು ಅಂದ್ರು, ಅದ್ಕೇ ಹಾಕ್ದೆ" ಎಂದಷ್ಟೇ ಹೇಳಿದ. ಆ ರಾತ್ರಿ ನನಗೆ ನೆನಪಾದದ್ದು ಶಾಲೆಯ ಗೋಡೆಯ ಮೂಲೆಯಲ್ಲಿ ಮೇಷ್ಟ್ರು ಬರೆದ 'ಪ್ರಮಾಣ' ಎಂಬ ಪದ. ನನ್ನ ಅಂಕಿಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಪ್ರೋಗ್ರಾಂನಲ್ಲಿ ಒಂದು ದೋಷವೂ ಇರಲಿಲ್ಲ. ಗ್ರಾಫ್ ಮಾತ್ರ ಸುಳ್ಳು ಹೇಳಿತ್ತು. ಅಂಕ ಕತ್ತರಿಸುತ್ತಿದ್ದ ಮೇಷ್ಟ್ರು ಅನ್ಯಾಯ ಮಾಡಿರಲಿಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಮತ್ತು ಚಿಕ್ಕಪ್ಪನ ಒಂದು ಒಟ್ಲು ಬೇಕಾಯಿತು.

ಮರುದಿನವೇ ಅಕ್ಷವನ್ನು ಸೊನ್ನೆಯಿಂದ 125ಕ್ಕೆ ಕಟ್ಟಿಹಾಕಿದೆ. ಪಕ್ಕದಲ್ಲಿ ಟಿಎಂಸಿಯ ಸ್ತಂಭವೊಂದನ್ನು ನಿಲ್ಲಿಸಿದೆ. ತುಂಬಿದ ಕಟ್ಟೆಯ 49.45ಕ್ಕೆ ಒಂದು ಕೆಂಪು ಗೆರೆ. ಕನ್ನಡ ಪದಗಳನ್ನು ಬೇರೆ ಕಡೆ ಚಿತ್ರವಾಗಿ ಬರೆದುಕೊಂಡು ಗ್ರಾಫಿನ ಮೇಲೆ ಅಂಟಿಸಿದೆ. ಗ್ರಾಫ್ ಮೊದಲಿನಷ್ಟು ಅಂದವಾಗಿ ಉಳಿಯಲಿಲ್ಲ. ಗೆರೆ ತಳದಲ್ಲಿ ಬಡವಾಗಿ ಮಲಗಿರುತ್ತಿತ್ತು. ಕಟ್ಟೆಯೂ ಹಾಗೆಯೇ ಇತ್ತು.

ಇಂದಿನ ದಿನ

ಅಂದಿನಿಂದ ಬಹಳ ಬದಲಾಗಿದೆ. 2007ರ ಕೊನೆಯಲ್ಲಿ ಗೂಗಲ್ ಕಂಪನಿ, ವಿಳಾಸದ ಸಾಲಿನಲ್ಲೇ ಅಂಕಿಗಳನ್ನು ಬರೆದು ಕಳಿಸಿದರೆ ಗ್ರಾಫಿನ ಚಿತ್ರ ಮಾಡಿ ವಾಪಸು ಕೊಡುವ ಸೇವೆ ಶುರುಮಾಡಿತು. ಸ್ವಂತ ಪ್ರೋಗ್ರಾಂ ಬರೆಯಲಾಗದವರೂ ಗ್ರಾಫ್ ಹಾಕುವಂತಾಯಿತು. 2012ರಲ್ಲಿ ಆ ಸೇವೆಯನ್ನು ಕೈಬಿಡುವುದಾಗಿ ಅವರೇ ತಿಳಿಸಿದರು. ಅಷ್ಟರಲ್ಲಿ ಗ್ರಾಫ್ ಬರೆಯುವ ಕೆಲಸವೇ ಸರ್ವರ್‌ನಿಂದ ನೋಡುವವರ ಮೊಬೈಲಿಗೆ ಇಳಿಯತೊಡಗಿತ್ತು. ಈಗ ಸರ್ವರ್ ಅನೇಕ ಕಡೆ ಅಂಕಿಗಳನ್ನಷ್ಟೇ ಕಳಿಸುತ್ತದೆ, ಗೆರೆ ಎಳೆಯುವುದು ನಮ್ಮ ಕೈಯಲ್ಲಿರುವ ಫೋನು. ಹೋಟೆಲಿನವನು ಹಿಟ್ಟು ಕೊಟ್ಟು ಮನೆಯಲ್ಲೇ ಕರಿದುಕೊಳ್ಳಿ ಎಂದಂತೆ. ಆದರೂ ವಾಟ್ಸಾಪಿನಲ್ಲಿ ಹಂಚಲು, ವರದಿಯಲ್ಲಿ ಅಚ್ಚು ಮಾಡಲು, ಹಳೆಯ ಫೋನಿನಲ್ಲಿ ನೋಡಲು ಸರ್ವರ್ ಬರೆದ ಚಿತ್ರವೇ ಇಂದಿಗೂ ಸಲೀಸು. ಕನ್ನಡದ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಸಾಧನಗಳೂ ಬಂದಿವೆ. ಈಗ 'ಕೃಷ್ಣರಾಜಸಾಗರ' ಎಂದು ಬರೆಸಿದರೆ ಒಂದು ಒತ್ತೂ ತಪ್ಪದೆ ಬರುತ್ತದೆ. ಇಂಗ್ಲಿಷಿಗೆ ಓಡಲು ನೆಪವಿಲ್ಲ.

ಅಳೆಯುವ ಕೆಲಸವೂ ಬದಲಾಗಿದೆ. 1988ರಲ್ಲಿ ಬರ ನಿಗಾ ಕೋಶವಾಗಿ ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು ಅಳತೆಯನ್ನು ತಾವೇ ಕಳಿಸುತ್ತವೆ. ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನೂ ಕೇಂದ್ರ ದಿನಾ ಪ್ರಕಟಿಸುತ್ತದೆ. ಇತ್ತ 2007ರ ಫೆಬ್ರವರಿ 5ರಂದು ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ಅಳೆದು ಬಿಡಬೇಕಾದ ನೀರನ್ನು 177.25 ಟಿಎಂಸಿಗೆ ಇಳಿಸಿತು. ಈಗ ಈ ವಿವಾದವೆಲ್ಲ ಅಳತೆಯ ಪಟ್ಟಿ, ಅಂಕಿ ಮತ್ತು ಗ್ರಾಫ್ ಮುಂದಿಟ್ಟುಕೊಂಡೇ ನಡೆಯುತ್ತದೆ. ಗ್ರಾಫ್ ಓದಲು ಬಾರದವನು ತನ್ನ ಗದ್ದೆಯ ನೀರಿನ ಮಾತನ್ನು ಬೇರೆಯವರು ಆಡಲು ಬಿಟ್ಟಂತೆ.

2023ರ ಬರದಲ್ಲಿ ಮಂಡ್ಯದ ರಸ್ತೆಗಳಲ್ಲಿ ಧರಣಿ ನಡೆದಾಗ ನನ್ನ ಫೋನಿಗೆ ಬಂದ ಗ್ರಾಫ್ ಚಿತ್ರಗಳಲ್ಲಿ ಕೆಲವಕ್ಕೆ ದಿನಾಂಕವಿರಲಿಲ್ಲ, ಕೆಲವಕ್ಕೆ ಅಡಿಯೋ ಟಿಎಂಸಿಯೋ ಎಂದಿರಲಿಲ್ಲ. ಸರ್ವರ್ ಆ ಕ್ಷಣಕ್ಕೆಂದು ಬರೆದ ಚಿತ್ರ ಫೋನಿಂದ ಫೋನಿಗೆ ಹೋದ ಮೇಲೆ ಅಲ್ಲೇ ಹೆಪ್ಪುಗಟ್ಟುತ್ತದೆ. ತಿಂಗಳ ಹಿಂದಿನದೂ ಇವತ್ತಿನದರಂತೆಯೇ ಕಾಣುತ್ತದೆ. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿತು, ಎಲ್ಲರೂ ಹಿಗ್ಗಿದೆವು. ಆ ತುಂಬಿದ ಗ್ರಾಫ್ ಚಿತ್ರ ಮುಂದಿನ ಯಾವುದೋ ಬರಗಾಲದಲ್ಲಿ ಯಾರ ಒಟ್ಲನ್ನೂ ಒಣಗಿಸದಿರಲಿ.

ಶಾಲೆಗೆ ಒಂದು ಮಾತು

ಐವತ್ತು ವರ್ಷದಲ್ಲಿ ಈ ಶಾಲೆ ನಮಗೆ ಕೊಟ್ಟ ವಿದ್ಯೆಯಲ್ಲಿ ಹೆಚ್ಚಿನದು ಇಂಥ ಸಣ್ಣ ಸಣ್ಣ ಶಿಸ್ತುಗಳು. ಅವು ಯಾವ ಕಾಲಕ್ಕೆ ಉಪಯೋಗಕ್ಕೆ ಬರುತ್ತವೆ ಎಂದು ಕಲಿಸಿದವರಿಗೂ ಗೊತ್ತಿರಲಿಲ್ಲ. ಕಲಿತವರಿಗಂತೂ ಗೊತ್ತೇ ಇರಲಿಲ್ಲ. ಇಂದು ಶಾಲೆಯಲ್ಲಿ ಕಂಪ್ಯೂಟರ್ ಇದೆ, ಮಕ್ಕಳ ಮನೆಗಳಲ್ಲಿ ಮೊಬೈಲ್ ಇದೆ. ಗ್ರಾಫ್ ಬರೆಯಲು ಕೈ ನೋಯಿಸಿಕೊಳ್ಳಬೇಕಿಲ್ಲ. ಆದರೂ ಈಗಿನ ಗುರುಗಳಲ್ಲಿ ನನ್ನದೊಂದು ಕೋರಿಕೆ. ಬರುವ ಜೂನಿನಿಂದ ಕಟ್ಟೆಯ ಗ್ರಾಫ್ ಮತ್ತೆ ಶಾಲೆಯ ಗೋಡೆಗೆ ಬರಲಿ. ಒಂದು ಗೆರೆ ಅಡಿಯದು, ಇನ್ನೊಂದು ಟಿಎಂಸಿಯದು. ಮಕ್ಕಳು ದಿನಾ ತಮ್ಮ ಕೈಯಿಂದ ಚುಕ್ಕಿ ಇಡಲಿ. ಅದರ ಪಕ್ಕದಲ್ಲಿ ಅದೇ ದಿನ ಫೋನಿಗೆ ಬಂದ ಗ್ರಾಫನ್ನು ಅಂಟಿಸಿ ಎರಡನ್ನೂ ಹೋಲಿಸಲಿ. ಅಕ್ಷ ಎಲ್ಲಿಂದ ಶುರುವಾಗಿದೆ, ಯಾವ ದಿನದ್ದು, ಅಳೆದವರು ಯಾರು ಎಂಬ ಮೂರು ಪ್ರಶ್ನೆ ಕೇಳಲಿ. ಹಳೆಯ ವಿದ್ಯಾರ್ಥಿಗಳ ಪರವಾಗಿ ಗ್ರಾಫ್ ಹಾಳೆಗಳ ಖರ್ಚು ನನ್ನದು.

ಚಿಕ್ಕಪ್ಪನಿಗೆ ಈಗ ವಯಸ್ಸಾಗಿದೆ. ಮೊನ್ನೆ ಮೊಮ್ಮಗಳ ಫೋನಿನಲ್ಲಿ ಬಂದ ಗ್ರಾಫ್ ನೋಡುತ್ತ ಕುಳಿತಿದ್ದ. ಆ ಮಗು ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. "ಗೆರೆ ಇರ್ಲಿ ಕಣವ್ವ, ಪ್ರಮಾಣ ಎಲ್ ಬರ್ದವ್ರೆ ಓದು" ಎಂದು ಅವಳಿಗೆ ಹೇಳುತ್ತಿದ್ದ. ನಮ್ಮ ಮೇಷ್ಟ್ರ ಪಾಠ ಕೊನೆ ಭಾಗಕ್ಕೂ ಮುಟ್ಟಿದೆ ಎಂದು ನನಗೆ ಸಮಾಧಾನವಾಯಿತು.